ಹಾಡಿನ ಬುತ್ತಿ

ಪರಊರಿಗೆ ಹೊರಟವರು ಬುತ್ತಿ ಕಟ್ಟಿಕೊಳ್ಳುವಾಗ ಮನೆಯ ಅಡುಗೆಯನ್ನೆಲ್ಲ ಕಟ್ಟಿಕೊಳ್ಳಲಾರರು. ಚೆಲ್ಲುವ ಸಾರು ಮನೆಯಲ್ಲೇ ಉಳಿಯುತ್ತದೆ; ಕೆಡದ ರೊಟ್ಟಿ, ಚಟ್ನಿಪುಡಿ ಜೊತೆಗೆ ಬರುತ್ತವೆ. ಬುತ್ತಿಯೆಂದರೆ ಪೂರ್ತಿ ಊಟವಲ್ಲ, ಡಬ್ಬಿ ಒಪ್ಪಿದಷ್ಟು ಊಟ. ಸಂಗೀತವನ್ನು ಹೊತ್ತು ತಿರುಗಬೇಕೆಂದು ಮನುಷ್ಯ ಹವಣಿಸಿದ ಕಥೆಯೂ ಇಂಥದೇ. ಇಂದು ಹಾಡು ಕೇಳುವ ಯಂತ್ರವನ್ನು ಕೊಳ್ಳಲು ಹೋದವರು ಅಂಗಡಿಯವನನ್ನು ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ಹಾಡು ಹಿಡಿಯುತ್ತದೆ? ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ? ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಇತಿಹಾಸವನ್ನು ತುಸು ಹಿಂದಿರುಗಿ ನೋಡಿದರೆ ಮೂರನೆಯದೊಂದು ಪ್ರಶ್ನೆಯೂ ಉಂಟೆಂದು ತೋರುತ್ತದೆ: ಈ ಬುತ್ತಿಯನ್ನು ಎಷ್ಟು ಜನ ಕುಳಿತು ಉಣ್ಣಬಹುದು?

ನಮ್ಮ ದೇಶದಲ್ಲಿ ಈ ಕಥೆಯ ಮೊದಲ ದೊಡ್ಡ ಹೆಸರು ಗೌಹರ್ ಜಾನ್. 1902ರ ನವೆಂಬರ್ ತಿಂಗಳಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಿಳಿದು, ಆಕೆಯ ಗಾಯನವನ್ನು ತಟ್ಟೆಯ ಮೇಲೆ ಮುದ್ರಿಸಿಕೊಂಡ. ಆಗ ಮೈಕ್ರೋಫೋನು ಇರಲಿಲ್ಲ. ದೊಡ್ಡ ಕಹಳೆಯೊಳಕ್ಕೆ ಮುಖವಿಟ್ಟು ಎತ್ತರದ ದನಿಯಲ್ಲಿ ಹಾಡಬೇಕಾಗಿತ್ತು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಹೇಳಿಬಿಡುತ್ತಿದ್ದರು. ಇದು ಜಂಬವಲ್ಲ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಯಾರ ಹಾಡು ಯಾವುದೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲ!

ತಟ್ಟೆ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. 10 ಅಂಗುಲದ ತಟ್ಟೆಯ ಒಂದು ಮೈಗೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುತ್ತಿದ್ದವರು ಮೂರೇ ನಿಮಿಷದಲ್ಲಿ ಆಲಾಪ, ಚೀಜು, ತಾನು ಎಲ್ಲವನ್ನೂ ಮುಗಿಸಬೇಕು. ‘ಇದು ಸಂಗೀತದ ಕೊಲೆ’ ಎಂದು ಮುಖ ತಿರುಗಿಸಿದ ವಿದ್ವಾಂಸರು ಹಲವರು. ಗೌಹರ್ ಜಾನ್ ಹಾಗೆ ಮಾಡದೆ ಡಬ್ಬಿಯ ಅಳತೆಯನ್ನು ಅರಿತು ಬುತ್ತಿ ಕಟ್ಟಿದರು. ಆಕೆಯ ಕಡೆಯ ದಿನಗಳು ಕಳೆದದ್ದು ನಮ್ಮ ನಾಡಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಆಕೆ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಗ್ರಾಮಾಫೋನು ಮನೆ ಬಿಟ್ಟು ಹೊರಡಲು ತಡವಾಗಲಿಲ್ಲ. 1914ರಲ್ಲಿ ಲಂಡನ್ನಿನಲ್ಲಿ ‘ಡೆಕ್ಕಾ’ ಎಂಬ ಹೆಸರಿನ, ಕೈಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ಯಂತ್ರ ಮಾರಾಟಕ್ಕೆ ಬಂತು. ಅದೇ ವರ್ಷ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಸಿಪಾಯಿಗಳು ಈ ಪೆಟ್ಟಿಗೆಯನ್ನು ಕಂದಕಗಳಿಗೂ ಒಯ್ದರು. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಕೀ ಕೊಟ್ಟು ಮುಳ್ಳು ಇಟ್ಟರೆ, ಹಾಡು ಯಜಮಾನನೊಬ್ಬನ ಕಿವಿಗೇ ನಿಲ್ಲುತ್ತಿರಲಿಲ್ಲ. ಪಕ್ಕದವನಿಗೆ, ದಾರಿಹೋಕನಿಗೆ, ಬೇಕಾದವನಿಗೆ, ಬೇಡದವನಿಗೆ, ಎಲ್ಲರಿಗೂ ಕೇಳಿಸುತ್ತಿತ್ತು.

ಹೀಗೆ ಚೆಲ್ಲಿದ ಹಾಡು ಏನು ಮಾಡಬಲ್ಲುದು ಎಂಬುದಕ್ಕೆ ನಮ್ಮ ಗದಗಿನಲ್ಲೇ ನಿದರ್ಶನವಿದೆ. ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ಠುಮರಿಯ ತಟ್ಟೆಯನ್ನು ಕೇಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಆ ದನಿಯ ಗುಂಗು ಬಿಡಲಿಲ್ಲ. 1933ರಲ್ಲಿ, 11 ವರ್ಷದ ಹುಡುಗ ಗುರುವನ್ನರಸಿ ಮನೆ ಬಿಟ್ಟ. ಉತ್ತರ ಹಿಂದೂಸ್ತಾನವನ್ನೆಲ್ಲ ಅಲೆದು, ಕಡೆಗೆ ಅವನಿಗೆ ಗುರು ಸಿಕ್ಕಿದ್ದು ಹತ್ತಿರದ ಕುಂದಗೋಳದಲ್ಲಿ: ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರು. ಮೂರು ನಿಮಿಷದ ಬುತ್ತಿಯ ರುಚಿ ಹತ್ತಿ, ಪೂರ್ತಿ ಅಡುಗೆ ಎಲ್ಲಿ ಆಗುತ್ತದೆಂದು ಹುಡುಕಿ ಹೊರಟವನ ಕಥೆ ಇದು. ತಟ್ಟೆ ಹುಡುಗನದಲ್ಲ, ಯಂತ್ರವೂ ಅವನದಲ್ಲ. ಯಾರೋ ಹಾಕಿದರು, ಇವನು ಕೇಳಿದ.

ಮುಂದೆ ಪಾತ್ರೆ ದೊಡ್ಡದಾಯಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುವ ಎಲ್.ಪಿ. ತಟ್ಟೆಯನ್ನು ತಂದಿತು. ಅರಗಿನ ಬದಲು ವಿನೈಲ್. ಒಂದು ಮೈಗೆ 20 ನಿಮಿಷಕ್ಕೂ ಹೆಚ್ಚು. ನಮ್ಮ ಸಂಗೀತಕ್ಕೆ ಇದು ದೊಡ್ಡ ಬಿಡುಗಡೆ. 1955ರಲ್ಲಿ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿನಲ್ಲಿ ನುಡಿಸಿದ ತಟ್ಟೆಯಲ್ಲಿ ಒಂದೊಂದು ಮೈಗೆ ಒಂದೊಂದೇ ರಾಗ. ಆದರೆ ಎಲ್.ಪಿ. ಮನೆಯ ಪಾತ್ರೆ, ದಾರಿಯದಲ್ಲ. ಅದನ್ನು ನುಡಿಸುವ ಯಂತ್ರಕ್ಕೆ ಅಲುಗಾಡದ ಮೇಜು ಬೇಕು.

ದಾರಿಯ ಪಾತ್ರೆಯನ್ನು ಕೊಟ್ಟದ್ದು ಹಾಲೆಂಡಿನ ಫಿಲಿಪ್ಸ್. 1963ರಲ್ಲಿ ಬಂದ ಪುಟ್ಟ ಕ್ಯಾಸೆಟ್ಟಿನ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಮೆ. ನಾದಶುದ್ಧಿಯಲ್ಲಿ ಅದು ಎಲ್.ಪಿ.ಯ ಸಮಕ್ಕೆ ನಿಲ್ಲದು. ಹಿನ್ನೆಲೆಯಲ್ಲಿ ಸುಯ್ಯೆಂಬ ಸದ್ದು, ಬಿಸಿಲಿಗಿಟ್ಟರೆ ಹಾಳು, ಕೆಲವೊಮ್ಮೆ ಯಂತ್ರವೇ ಟೇಪನ್ನು ನುಂಗುವುದು. ಆದರೂ ಗೆದ್ದದ್ದು ಅದೇ. ಅಗ್ಗ, ಹಗುರ, ಮೇಲಾಗಿ ಕೇಳುವವನೇ ಅದರಲ್ಲಿ ಮುದ್ರಿಸಿಕೊಳ್ಳಬಹುದು. ಅಲ್ಲಿಯವರೆಗೆ ಕಂಪನಿಯವರ ಕೈಯಲ್ಲಿದ್ದ ಸೌಟು ಜನರ ಕೈಗೆ ಬಂತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ಮೇಲೆ, ಕವಿತೆಯ ಪುಸ್ತಕ ಕೊಳ್ಳದ ಮನೆಗೂ ಕನ್ನಡ ಕವಿತೆ ಹೊಕ್ಕಿತು. ಅದೂ ನಡುಮನೆಯಲ್ಲಿ, ಎಲ್ಲರ ಕಿವಿಗೂ ಬೀಳುವ ಹಾಗೆ.

1979ರ ಜುಲೈ 1ರಂದು ಜಪಾನಿನ ಸೋನಿ ಸಂಸ್ಥೆ ‘ವಾಕ್‌ಮನ್’ ಅನ್ನು ಮಾರುಕಟ್ಟೆಗೆ ತಂದಿತು. ತೂಕ 390 ಗ್ರಾಂ, ಬೆಲೆ 33,000 ಯೆನ್. ಅದರಲ್ಲಿ ಮುದ್ರಣ ಇಲ್ಲ, ಹೊರಗೆ ಕೇಳಿಸುವ ಸ್ಪೀಕರೂ ಇಲ್ಲ. ಕಿವಿಗೆ ತೊಡುವ ಹೆಡ್‌ಫೋನು ಮಾತ್ರ. ಸಂಸ್ಥೆಯ ಅಕಿಯೊ ಮೊರಿಟಾ ಹೊಸ ಯಂತ್ರವನ್ನು ಮನೆಗೆ ಒಯ್ದು ತಾವೊಬ್ಬರೇ ಕೇಳುತ್ತ ಕುಳಿತಾಗ ಮಡದಿಗೆ ಬೇಸರವಾಯಿತಂತೆ. ಹೀಗೆ ಒಬ್ಬರೇ ಕೇಳುವುದು ಮರ್ಯಾದೆಯಲ್ಲವೆಂದು ಅವರಿಗೂ ಅನ್ನಿಸಿತು. ಅದಕ್ಕಾಗಿ ಮೊದಲ ವಾಕ್‌ಮನ್ನಿನಲ್ಲಿ ಇಬ್ಬರ ಹೆಡ್‌ಫೋನಿಗೆ ಎರಡು ಕಿಂಡಿಗಳನ್ನಿಟ್ಟರು. ಹಾಡಿನ ನಡುವೆ ಇಬ್ಬರೂ ಮಾತನಾಡಿಕೊಳ್ಳಲೆಂದು ಕಿತ್ತಳೆ ಬಣ್ಣದ ಗುಂಡಿಯನ್ನೂ ಇಟ್ಟರು. ಜನಕ್ಕೆ ಅವು ಬೇಕಾಗಲಿಲ್ಲ. ಮುಂದಿನ ಮಾದರಿಗಳಲ್ಲಿ ಮಾತಿನ ಗುಂಡಿ ಹೋಯಿತು, ಎರಡನೆಯ ಕಿಂಡಿಯೂ ಹೋಯಿತು. ಹಾಡಿನ ಪಂಕ್ತಿಯೂಟ ಮುಗಿದದ್ದು ಇಲ್ಲಿ ಎನ್ನಬಹುದು.

ಉಳಿದದ್ದು ಅಂಕಿಗಳ ಕಥೆ. 1982ರಲ್ಲಿ ಬಂದ ಸಿ.ಡಿ. ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಸಂಖ್ಯೆಯಾಗಿಸಿತು. 12 ಸೆಂಟಿಮೀಟರಿನ ಬಿಲ್ಲೆಯಲ್ಲಿ 74 ನಿಮಿಷ. ಸವೆತವಿಲ್ಲ, ಸುಯ್ಯೆಂಬ ಸದ್ದಿಲ್ಲ. ಬಳಿಕ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮೊದಲಾದವರು ರೂಪಿಸಿದ ಎಂಪಿ3 ಬಂತು. ಅದರ ಗುಟ್ಟು ಸರಳ. ದೊಡ್ಡ ಸದ್ದಿನ ಪಕ್ಕದಲ್ಲಿರುವ ಸಣ್ಣ ಸದ್ದು ಕಿವಿಗೆ ಕೇಳಿಸದು, ಕೇಳಿಸದ್ದನ್ನು ಹೊರುವುದೇಕೆ? ಹೀಗೆ ಹಿಂಡಿದಾಗ ಸಿ.ಡಿ.ಯಲ್ಲಿ 42 ಮೆಗಾಬೈಟು ತುಂಬುವ 4 ನಿಮಿಷದ ಹಾಡು 4 ಮೆಗಾಬೈಟಿನೊಳಗೆ ಅಡಗಿತು. 2001ರಲ್ಲಿ ಬಂದ ಐಪಾಡು ಒಂದು ಸಾವಿರ ಹಾಡನ್ನು ಕಿಸೆಗೆ ಹಾಕಿತು. 2022ರಲ್ಲಿ ಅದೂ ನಿಂತಿತು. ಫೋನು ಅದನ್ನು ನುಂಗಿತ್ತು.

ಹಾಗಾದರೆ ಯಾವುದನ್ನು ಆರಿಸಬೇಕು? ಅತಿಯಾಗಿ ಹಿಂಡಿದ ಹಾಡಿನಲ್ಲಿ ತಂಬೂರಿಯ ಝೇಂಕಾರವೂ ತಾಳದ ಕಿಣಿಕಿಣಿಯೂ ಮಂಕಾಗುತ್ತವೆ; ಹದವಾಗಿ ಹಿಂಡಿದ್ದನ್ನು ಸಿ.ಡಿ.ಯಿಂದ ಬೇರೆಯೆಂದು ಗುರುತಿಸುವುದು ಬಹಳ ಕಿವಿಗಳಿಗೆ ಸಾಧ್ಯವಿಲ್ಲ. ಬಸ್ಸಿನ ಗದ್ದಲದಲ್ಲಂತೂ ಆ ಭೇದವೇ ಮುಳುಗಿಹೋಗುತ್ತದೆ. ಆದ್ದರಿಂದ ದಾರಿಗೆ ದುಬಾರಿ ಯಂತ್ರಕ್ಕಿಂತ ಒಳ್ಳೆಯ ಇಯರ್‌ಫೋನು ಮೇಲು. ಗದ್ದಲವನ್ನು ಮೀರಿಸಲು ದನಿಯನ್ನು ಏರಿಸುವ ಚಾಳಿ ಮಾತ್ರ ಬೇಡ: 80 ಡೆಸಿಬೆಲ್ಲಿನ ಸದ್ದಾದರೆ ವಾರಕ್ಕೆ 40 ಗಂಟೆ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸದ್ದು ಏರಿದಂತೆ ಆ ಅವಧಿ ಬೇಗಬೇಗನೆ ಕುಗ್ಗುತ್ತದೆ.

ಇಯರ್‌ಫೋನನ್ನು ದೂರುವುದು ನನ್ನ ಉದ್ದೇಶವಲ್ಲ. ರೈಲಿನಲ್ಲಿ ಹತ್ತು ಜನರ ನಡುವೆ ತನ್ನ ಫೋನಿನ ಹಾಡನ್ನು ಒದರಿಸುವವನಿಗಿಂತ, ಕಿವಿಗೆ ಸಿಕ್ಕಿಸಿಕೊಂಡು ತೆಪ್ಪಗಿರುವವನು ಸಾವಿರ ಪಾಲು ಸಭ್ಯ. ಕಿರಿದಾದ ಮನೆಯಲ್ಲಿ ಒಬ್ಬರು ಓದುವಾಗ ಇನ್ನೊಬ್ಬರು ಕೇಳುವುದಕ್ಕೆ ಬೇರೆ ಉಪಾಯವೂ ಇಲ್ಲ. ಆದರೆ ಗದಗಿನ ಆ ಅಂಗಡಿಯವನು ಇಯರ್‌ಫೋನು ತೊಟ್ಟು ಕುಳಿತಿದ್ದರೆ ಬೀದಿಯ ಹುಡುಗನಿಗೆ ಏನು ಕೇಳಿಸುತ್ತಿತ್ತು? ನಮ್ಮ ಮಕ್ಕಳ ಕಿಸೆಯಲ್ಲಿ ಇಂದು ಲೋಕದ ಸಂಗೀತವೆಲ್ಲ ಇದೆ. ಆದರೆ ಕೇಳಬೇಕೆಂದು ತಾವೇ ಹುಡುಕದ ಹಾಡು ಅವರ ಕಿವಿಗೆ ಬೀಳುವ ಸಂದರ್ಭ ಕಡಮೆಯಾಗುತ್ತಿದೆ. ತಂದೆಯ ಮೆಚ್ಚಿನ ಗಾಯಕ ಯಾರೆಂದು ಮಗನಿಗೆ ತಿಳಿಯದು. ಮಗಳು ಏನು ಕೇಳುತ್ತಾಳೆಂದು ತಾಯಿಗೆ ತಿಳಿಯದು.

ಯಂತ್ರ ಯಾವುದಾದರೂ ಇರಲಿ. ಅದರ ಜೊತೆಗೆ ಹೊರಗೆ ಕೇಳಿಸುವ ಸಾಧಾರಣ ಸ್ಪೀಕರೊಂದನ್ನೂ ಕೊಳ್ಳುವುದು ಒಳ್ಳೆಯದು. ವಾರಕ್ಕೊಂದು ಸಂಜೆ ನಡುಮನೆಯಲ್ಲಿ, ನೆರೆಯವರಿಗೆ ತೊಂದರೆಯಾಗದಷ್ಟು ಸಣ್ಣ ದನಿಯಲ್ಲಿ, ಮನೆಯವರ ಸರದಿಯಂತೆ ಒಬ್ಬೊಬ್ಬರ ಮೆಚ್ಚಿನ ಹಾಡನ್ನು ಹಾಕಲಿ. ಮಕ್ಕಳು ಕೇಳಿದರೂ ಸರಿ, ಕೇಳದಂತೆ ಓಡಾಡಿಕೊಂಡಿದ್ದರೂ ಸರಿ.