ಸಂಸತ್ತಿನ ಎರಡು ಸದನ: ಯಲಿಯೂರಿನಿಂದ ದೆಹಲಿಗೆ ಎರಡು ದಾರಿ

ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿರುವ ಯಲಿಯೂರು ಮಂಡ್ಯ ತಾಲ್ಲೂಕಿನ ಊರು. ಇಲ್ಲಿನ ಮತದಾರರ ಮಾತು ದೆಹಲಿಯ ಸಂಸತ್ತನ್ನು ಎರಡು ದಾರಿಯಲ್ಲಿ ಮುಟ್ಟುತ್ತದೆ. ಮಂಡ್ಯ ಕ್ಷೇತ್ರದ ಲೋಕಸಭಾ ಸದಸ್ಯರನ್ನು ಅವರೇ ಗುಂಡಿ ಒತ್ತಿ ಆರಿಸುತ್ತಾರೆ. ರಾಜ್ಯಸಭೆಯ ಚುನಾವಣೆಯಲ್ಲಿ ಅವರು ಆರಿಸಿದ ಎಂಎಲ್‌ಎ ಮತ ಹಾಕುತ್ತಾರೆ. ನೇರವಾಗಿ ಜನರಿಂದ ಬಂದ ಸದನಕ್ಕೆ ಹಣದ ಚೀಲವೂ ಸರ್ಕಾರದ ಜುಟ್ಟೂ ಸಿಕ್ಕಿವೆ. ರಾಜ್ಯಗಳ ಮೂಲಕ ಬಂದ ಸದನಕ್ಕೆ ತಡೆದು ಕೇಳುವ ಅಧಿಕಾರವಿದೆ.

ರಚನೆ

ಸಂವಿಧಾನದ 79ನೇ ವಿಧಿಯಂತೆ ರಾಷ್ಟ್ರಪತಿ, ಲೋಕಸಭೆ, ರಾಜ್ಯಸಭೆ ಮೂರೂ ಸೇರಿದರೆ ಸಂಸತ್ತು. ಎರಡೂ ಸದನಗಳು ಮೊದಲ ಬಾರಿ ಸೇರಿದ್ದು 1952ರ ಮೇ 13ರಂದು. ಬಜೆಟ್, ಮುಂಗಾರು, ಚಳಿಗಾಲ ಎಂದು ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ ನಡೆಯುತ್ತವೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳ ಅಂತರ ಬೀಳುವಂತಿಲ್ಲ.

ಲೋಕಸಭೆ

ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕದ ಪಾಲು 28. ಮಂಡ್ಯ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಮತ್ತು ಮೈಸೂರು ಜಿಲ್ಲೆಯ ಕೆ.ಆರ್. ನಗರ. 2024ರಲ್ಲಿ ಇಲ್ಲಿಂದ ಗೆದ್ದವರು ಎಚ್.ಡಿ. ಕುಮಾರಸ್ವಾಮಿ.

ಸ್ಪರ್ಧಿಸಲು 25 ವರ್ಷ ತುಂಬಿರಬೇಕು. ಸದನದ ಅವಧಿ ಐದು ವರ್ಷ. ಅದಕ್ಕೂ ಮೊದಲೇ ವಿಸರ್ಜನೆ ಆಗಬಹುದು. ಸದಸ್ಯರು ತಮ್ಮೊಳಗೇ ಒಬ್ಬರನ್ನು ಸ್ಪೀಕರ್ ಆಗಿ ಆರಿಸಿಕೊಳ್ಳುತ್ತಾರೆ.

ರಾಜ್ಯಸಭೆ

ರಾಜ್ಯಸಭೆಯ ಸ್ಥಾನಗಳು 245. ಅದರಲ್ಲಿ 233 ಚುನಾಯಿತ, 12 ರಾಷ್ಟ್ರಪತಿ ನಾಮನಿರ್ದೇಶನ ಮಾಡುವಂಥವು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯಲ್ಲಿ ಹೆಸರಾದವರಿಗೆ ಈ 12 ಮೀಸಲು. ಮೈಸೂರಿನಲ್ಲಿ ನೆಲೆಸಿದ್ದ ಕಾದಂಬರಿಕಾರ ಆರ್.ಕೆ. ನಾರಾಯಣ್ ಹೀಗೆ ಬಂದವರು. ಶಾಲಾ ಮಕ್ಕಳ ಬೆನ್ನಿನ ಚೀಲದ ಭಾರವನ್ನು ಅವರು ಸದನದಲ್ಲಿ ಎತ್ತಿದ್ದರು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರನ್ನು 2022ರಲ್ಲಿ ನಾಮನಿರ್ದೇಶನ ಮಾಡಲಾಯಿತು.

ಸದಸ್ಯರಾಗಲು 30 ವರ್ಷ ತುಂಬಿರಬೇಕು. ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ ಹೊಂದುವುದರಿಂದ ಈ ಸದನ ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಉಪರಾಷ್ಟ್ರಪತಿಯೇ ಇದರ ಸಭಾಪತಿ.

ಕರ್ನಾಟಕಕ್ಕೆ ಇಲ್ಲಿ 12 ಸ್ಥಾನ. ವಿಧಾನಸಭೆಯ 224 ಸದಸ್ಯರು ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆದು ಮತ ಹಾಕುತ್ತಾರೆ. ನಾಲ್ಕು ಸ್ಥಾನ ಖಾಲಿ ಇದ್ದು ಎಲ್ಲರೂ ಮತ ಹಾಕಿದರೆ ಲೆಕ್ಕ ಹೀಗೆ: ಒಂದು ಮತದ ಮೌಲ್ಯ 100, ಒಟ್ಟು 22,400. ಅದನ್ನು ಸ್ಥಾನಗಳಿಗಿಂತ ಒಂದು ಹೆಚ್ಚಾದ ಐದರಿಂದ ಭಾಗಿಸಿ ಒಂದು ಕೂಡಿಸಿದರೆ 4,481. ಅಂದರೆ 45 ಶಾಸಕರ ಮೊದಲ ಪ್ರಾಶಸ್ತ್ಯ ಸಿಕ್ಕವರು ಗೆದ್ದಂತೆ. ಪಕ್ಷದ ಶಾಸಕರು ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು. ಅಡ್ಡಮತದಾನ ಮಾಡಿದವರ ಹೆಸರು ಅಂದೇ ಹೊರಬೀಳುವುದು ಇದರಿಂದಲೇ.

ಮಸೂದೆ ಕಾನೂನಾಗುವ ಬಗೆ

ಸಾಮಾನ್ಯ ಮಸೂದೆಯನ್ನು ಯಾವ ಸದನದಲ್ಲಾದರೂ ಮೊದಲು ಮಂಡಿಸಬಹುದು. ಚರ್ಚೆ, ತಿದ್ದುಪಡಿ, ಮತದಾನ ಮುಗಿದು ಎರಡೂ ಸದನ ಒಪ್ಪಿದ ಮೇಲೆ ರಾಷ್ಟ್ರಪತಿಯ ಅಂಕಿತಕ್ಕೆ ಹೋಗುತ್ತದೆ. ಒಂದು ಸದನ ಒಪ್ಪಿದ್ದನ್ನು ಇನ್ನೊಂದು ತಿರಸ್ಕರಿಸಿದರೆ, ಇಲ್ಲವೇ ಆರು ತಿಂಗಳು ದಾಟಿಸಿ ಇಟ್ಟುಕೊಂಡರೆ, ಜಂಟಿ ಅಧಿವೇಶನ ಕರೆಯಬಹುದು. ಅಲ್ಲಿ ತಲೆಯೆಣಿಕೆಯೇ ಅಂತಿಮವಾದ್ದರಿಂದ ಲೋಕಸಭೆಯ ಕೈ ಮೇಲಾಗುತ್ತದೆ.

ಜಂಟಿ ಅಧಿವೇಶನದಲ್ಲಿ ಮಸೂದೆ ಪಾಸಾಗಿರುವುದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರಲ್ಲಿ ಭಯೋತ್ಪಾದನೆ ತಡೆ. 1978ರ ಹೊತ್ತಿಗೆ ಎರಡೂ ಸದನಗಳ ಪೀಠದಲ್ಲಿ ಇದ್ದವರು ಕನ್ನಡಿಗರು. ಲೋಕಸಭೆಯ ಸ್ಪೀಕರ್ ಕೆ.ಎಸ್. ಹೆಗ್ಡೆ, ರಾಜ್ಯಸಭೆಯ ಸಭಾಪತಿ ಉಪರಾಷ್ಟ್ರಪತಿ ಬಿ.ಡಿ. ಜತ್ತಿ.

ಸಂವಿಧಾನ ತಿದ್ದುಪಡಿಗೆ ಜಂಟಿ ಅಧಿವೇಶನದ ಈ ಒಳದಾರಿ ಇಲ್ಲ. ಎರಡೂ ಸದನಗಳು ಬೇರೆ ಬೇರೆಯಾಗಿಯೇ ವಿಶೇಷ ಬಹುಮತದಿಂದ ಒಪ್ಪಬೇಕು. ಇಲ್ಲಿ ರಾಜ್ಯಸಭೆ ಲೋಕಸಭೆಗೆ ಸರಿಸಮ.

ಹಣ ಮತ್ತು ಸರ್ಕಾರದ ಅಳಿವು ಉಳಿವು

ತೆರಿಗೆ, ಸಾಲ, ಸರ್ಕಾರದ ಖರ್ಚಿಗಷ್ಟೇ ಸೇರಿದ ಹಣಕಾಸು ಮಸೂದೆಯನ್ನು ಲೋಕಸಭೆಯಲ್ಲೇ ಮಂಡಿಸಬೇಕು. ರಾಜ್ಯಸಭೆ 14 ದಿನದೊಳಗೆ ಹಿಂತಿರುಗಿಸಬೇಕು. ಅದರ ಶಿಫಾರಸನ್ನು ಲೋಕಸಭೆ ಒಪ್ಪಬಹುದು, ಬಿಡಬಹುದು.

ಅವಿಶ್ವಾಸ ನಿರ್ಣಯಕ್ಕೂ ಲೋಕಸಭೆಯೊಂದೇ ವೇದಿಕೆ. ಎಚ್.ಡಿ. ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಆರು ತಿಂಗಳೊಳಗೆ ಸದಸ್ಯತ್ವ ಬೇಕೆಂಬ ನಿಯಮದಂತೆ ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿಬಂದರು. ಅವರ ಸರ್ಕಾರ ಬಿದ್ದದ್ದು 1997ರ ಏಪ್ರಿಲ್ 11ರಂದು, ಲೋಕಸಭೆಯಲ್ಲಿ ವಿಶ್ವಾಸಮತ ಸೋತಾಗ. ಪ್ರಧಾನಿ ಯಾವ ಸದನದಲ್ಲಿ ಕೂತರೂ ಲೆಕ್ಕ ಒಪ್ಪಿಸಬೇಕಾದದ್ದು ಲೋಕಸಭೆಗೇ.

ಕಬ್ಬು, ಕಾವೇರಿ ಮತ್ತು ಸಂಸತ್ತು

ಮಂಡ್ಯದ ರೈತನ ಕಬ್ಬಿಗೆ ಕೇಂದ್ರ ಘೋಷಿಸುವ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ದರದ ಬೇರು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆ ಆದೇಶಕ್ಕೆ ಬಲ ಕೊಟ್ಟದ್ದು ಸಂಸತ್ತು 1955ರಲ್ಲಿ ಮಾಡಿದ ಅಗತ್ಯ ವಸ್ತುಗಳ ಕಾಯಿದೆ.

ಕಾವೇರಿಯದ್ದೂ ಹೀಗೆಯೇ. ನೀರು ರಾಜ್ಯಪಟ್ಟಿಯ ವಿಷಯವಾದರೂ ರಾಜ್ಯಗಳ ನಡುವಿನ ನದಿಯ ನಿಯಂತ್ರಣಕ್ಕೆ ಸಂಸತ್ತು ಕಾನೂನು ಮಾಡಬಹುದು. 1956ರ ಅಂತರರಾಜ್ಯ ಜಲವಿವಾದ ಕಾಯಿದೆಯ ಅಡಿಯಲ್ಲೇ 1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂತು. ತೀರ್ಪು ಜಾರಿಗೆ ರೂಪಿಸುವ ಯೋಜನೆಯನ್ನು ಎರಡೂ ಸದನಗಳ ಮುಂದಿಡಬೇಕೆಂದು ಅದೇ ಕಾಯಿದೆ ಹೇಳುತ್ತದೆ.

ರಾಜ್ಯದ ಎರಡು ಸದನ

ಕರ್ನಾಟಕಕ್ಕೂ ವಿಧಾನಸಭೆಯ ಜತೆ 75 ಸದಸ್ಯರ ವಿಧಾನ ಪರಿಷತ್ತಿದೆ. ಮೈಸೂರು ಸಂಸ್ಥಾನದಲ್ಲೇ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿದ್ದವು. ಆದರೆ ಪರಿಷತ್ತಿಗೆ ರಾಜ್ಯಸಭೆಯಷ್ಟು ಬಲವಿಲ್ಲ. ಮಸೂದೆಯನ್ನು ಹೆಚ್ಚೆಂದರೆ ನಾಲ್ಕು ತಿಂಗಳು ತಡೆಯಬಹುದು. ಜಂಟಿ ಅಧಿವೇಶನದ ಮಾತೇ ಇಲ್ಲ.

ಈ ನಾಲ್ಕೂ ಸದನಗಳಲ್ಲಿ ಕೂತು ಬಂದವರು ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. 1962ರಲ್ಲಿ ಮದ್ದೂರಿನಿಂದ ವಿಧಾನಸಭೆ, 1968ರ ಉಪಚುನಾವಣೆಯಲ್ಲಿ ಮಂಡ್ಯದಿಂದ ಲೋಕಸಭೆ, 1972ರಲ್ಲಿ ಪರಿಷತ್ತು, 1996ರಲ್ಲಿ ರಾಜ್ಯಸಭೆ.

ರಾಜ್ಯಸಭೆ ಯಾರ ಸಭೆ?

ಅಮೆರಿಕದ ಸೆನೆಟ್‌ನಲ್ಲಿ ಸಣ್ಣ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಎರಡೆರಡೇ ಸ್ಥಾನ. ನಮ್ಮಲ್ಲಿ ಉತ್ತರ ಪ್ರದೇಶಕ್ಕೆ 31, ಗೋವಾಕ್ಕೆ ಒಂದು. ಅಭ್ಯರ್ಥಿ ಅದೇ ರಾಜ್ಯದ ಮತದಾರರಾಗಿರಬೇಕೆಂಬ ನಿಯಮವನ್ನೂ 2003ರಲ್ಲಿ ತೆಗೆದುಹಾಕಲಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ಬದಲಾವಣೆಯನ್ನು ಎತ್ತಿಹಿಡಿಯಿತು. ಹಾಗಾಗಿ ಕರ್ನಾಟಕದ ಸ್ಥಾನದಲ್ಲಿ ಕೂತವರು ಕರ್ನಾಟಕದವರೇ ಆಗಬೇಕೆಂದಿಲ್ಲ. ಆದರೂ ರಾಜ್ಯಪಟ್ಟಿಯ ವಿಷಯಕ್ಕೆ ಕೇಂದ್ರ ಕೈಹಾಕಲು ಮೂರನೇ ಎರಡರಷ್ಟು ಬಹುಮತದಿಂದ ಅನುಮತಿ ಕೊಡುವ ಅಧಿಕಾರ 249ನೇ ವಿಧಿಯಡಿ ಇಂದಿಗೂ ಈ ಸದನದ್ದೇ. ಹಾಗಾಗಿ ಕರ್ನಾಟಕದ 12 ಸ್ಥಾನಗಳಿಗೆ ಯಾರನ್ನು ಕಳಿಸುತ್ತೀರಿ ಎಂದು ಯಲಿಯೂರಿನವರು ವಿಚಾರಿಸಬೇಕಾದದ್ದು ತಮ್ಮ ಎಂಎಲ್‌ಎಯನ್ನು. ಮತಪತ್ರ ಇರುವುದು ಅವರ ಕೈಯಲ್ಲಿ.