ಗಂಟೆಯ ಲೆಕ್ಕ, ಕಲಿಕೆಯ ಲೆಕ್ಕ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ಬಂದದ್ದು 38 ಅಂಕ. ರೇಖಾಗಣಿತದ ಪ್ರಮೇಯಗಳನ್ನು ಖುಷಿಯಿಂದ ಸಾಧಿಸುತ್ತಿದ್ದೆ. ವರ್ಗಸಮೀಕರಣ ಕಂಡರೆ ಕೈ ನಡುಗುತ್ತಿತ್ತು. ಅಂಕಪಟ್ಟಿ ಎರಡನ್ನೂ ಕಲಸಿ ಒಂದೇ ಸಂಖ್ಯೆ ಮಾಡಿತು. ಅದನ್ನು ನಂಬಿ ನಾನು ಗಣಿತವನ್ನೇ ಬಿಟ್ಟೆ. ಕಲಿತದ್ದನ್ನು ಅಳೆಯುವ ಪದ್ಧತಿಗಳ ಬೆನ್ನು ಹತ್ತಿದಾಗ ಅಮೆರಿಕದ ಒಂದು ವಿಚಿತ್ರ ಕಥೆ ಸಿಕ್ಕಿತು.

1905ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಅಧ್ಯಾಪಕರ ಪಿಂಚಣಿಗೆಂದು 1 ಕೋಟಿ ಡಾಲರ್ ಕೊಟ್ಟರು. ಹಣ ಹಂಚಲು ಹುಟ್ಟಿದ ಪ್ರತಿಷ್ಠಾನಕ್ಕೆ ಎದುರಾದ ಪ್ರಶ್ನೆ: ಕಾಲೇಜು ಎಂದರೆ ಯಾವುದು? ಆಗ ಹೈಸ್ಕೂಲಿಗೂ ಕಾಲೇಜಿಗೂ ನಡುವಿನ ಗೆರೆ ಸ್ಪಷ್ಟವಿರಲಿಲ್ಲ. ಪ್ರವೇಶಕ್ಕೆ ಹೈಸ್ಕೂಲಿನ 14 ಯೂನಿಟ್ ಕೇಳಬೇಕು ಎಂದು ಷರತ್ತಾಯಿತು. ಒಂದು ಯೂನಿಟ್ ಎಂದರೆ ಒಂದು ವಿಷಯದಲ್ಲಿ ವರ್ಷಕ್ಕೆ ಸುಮಾರು 120 ಗಂಟೆಯ ಪಾಠ. ಪಿಂಚಣಿಗಾಗಿ ಕಾಲೇಜುಗಳು ಒಪ್ಪಿದವು, ಕಾಲೇಜಿನ ಸೀಟಿಗಾಗಿ ಹೈಸ್ಕೂಲುಗಳೂ ಒಪ್ಪಿದವು. ವಯಸ್ಸಾದ ಮೇಷ್ಟ್ರುಗಳ ಹೊಟ್ಟೆಪಾಡಿಗೆ ಮಾಡಿದ ಲೆಕ್ಕ ಹೀಗೆ ಮಕ್ಕಳ ಕಲಿಕೆಯ ಅಳತೆಗೋಲಾಯಿತು. ಬೀಜಗಣಿತಕ್ಕೆ ಕೂತ ಗಂಟೆಗಳು ದಾಖಲಾದವು. ಅದರಲ್ಲಿ ಏನು ಬಂತು, ಏನು ಬರಲಿಲ್ಲ ಎಂಬುದು ಒಂದು ಗ್ರೇಡಿನೊಳಗೆ ಅಡಗಿತು.

ಅದೇ ಕಾಲದಲ್ಲಿ ಅಲ್ಲೇ ಇನ್ನೊಂದು ಅಳತೆಯೂ ಹುಟ್ಟಿತ್ತು. 1911ರಲ್ಲಿ ಅಮೆರಿಕದ ಸ್ಕೌಟ್ ಸಂಸ್ಥೆ 57 ಮೆರಿಟ್ ಬ್ಯಾಡ್ಜ್‌ಗಳನ್ನು ತಂದಿತು. ಭೂಮಾಪನ ಅವುಗಳಲ್ಲೊಂದು. ಅಲ್ಲಿ ಎಷ್ಟು ಗಂಟೆ ಕೂತೆ ಎಂಬ ಪ್ರಶ್ನೆಯಿಲ್ಲ, ಮಾಡಿ ತೋರಿಸಬೇಕು.

ಸರಿಯಾಗಿ ನೂರು ವರ್ಷದ ಮೇಲೆ, 2011ರಲ್ಲಿ, ಮೊಜಿಲ್ಲಾ ಸಂಸ್ಥೆ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ನೆರವಿನಿಂದ ‘ಓಪನ್ ಬ್ಯಾಡ್ಜ್’ ಯೋಜನೆ ಆರಂಭಿಸಿತು. ಕೊಟ್ಟವರು ಯಾರು, ಮಾನದಂಡ ಯಾವುದು, ಪುರಾವೆ ಏನು ಎಂಬುದೆಲ್ಲ ಈ ಡಿಜಿಟಲ್ ಬಿಲ್ಲೆಯೊಳಗೇ ಇರಬಲ್ಲದು. ಹೈಸ್ಕೂಲು ಗಣಿತಕ್ಕೂ ಇದನ್ನು ಹೊಂದಿಸುವ ಪ್ರಯತ್ನಗಳು ಈಗ ಅಲ್ಲಿ ನಡೆದಿವೆ: ರೇಖೀಯ ಸಮೀಕರಣಕ್ಕೊಂದು ಬ್ಯಾಡ್ಜ್, ಸಂಭವನೀಯತೆಗೊಂದು, ಬರದಿದ್ದರೆ ಇನ್ನೊಮ್ಮೆ ಪ್ರಯತ್ನ.

ಹಾಗೆಂದು ಗಂಟೆಯ ಲೆಕ್ಕವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2015ರಲ್ಲಿ ಕಾರ್ನೆಗಿ ಪ್ರತಿಷ್ಠಾನವೇ ತನ್ನ ಯೂನಿಟ್ಟನ್ನು ಪರಿಶೀಲಿಸಿ ವರದಿ ಕೊಟ್ಟಿತು. ಕಲಿಕೆಗೆ ಅದು ಒರಟು ಅಳತೆ ನಿಜ. ಆದರೆ ಪ್ರತಿ ಮಗುವಿಗೂ ಇಷ್ಟು ಹೊತ್ತು ಪಾಠ ಸಿಗಬೇಕೆಂಬ ಕನಿಷ್ಠ ಭರವಸೆ ಅದರಲ್ಲಿದೆ ಎಂಬುದು ಆ ವರದಿಯ ಮಾತು. ಬಡ ಶಾಲೆಯ ಮಕ್ಕಳಿಗೆ ಅದು ಸಣ್ಣ ವಿಷಯವಲ್ಲ. ಪಾಠವೇ ಸಿಗದ ಮಗು ಬ್ಯಾಡ್ಜನ್ನು ಹೇಗೆ ಗಳಿಸೀತು?

ಆದರೂ ನನಗೆ ಆಗ ರೇಖಾಗಣಿತದ್ದೊಂದು ಬಿಲ್ಲೆ ಸಿಕ್ಕಿದ್ದರೆ, ಗಣಿತಕ್ಕೇ ಲಾಯಕ್ಕಿಲ್ಲ ಎಂದುಕೊಳ್ಳುತ್ತಿರಲಿಲ್ಲ. ವರ್ಗಸಮೀಕರಣದ ಜಾಗ ಖಾಲಿ ಇರುತ್ತಿತ್ತು, ಅಷ್ಟೇ. ಖಾಲಿ ಜಾಗವನ್ನು ಮುಂದೊಮ್ಮೆ ತುಂಬಬಹುದಿತ್ತು.