ಪರ್ವತಕ್ಕೊಂದು ಹೆಸರು, ಉದ್ಯಾನಕ್ಕೊಂದು ಹೆಸರು

ಅಲಾಸ್ಕದ ನಡುನಾಡಿನಲ್ಲಿ, ಉತ್ತರ ಧ್ರುವವೃತ್ತಕ್ಕೆ ಸುಮಾರು 240 ಮೈಲಿ ತೆಂಕಲಿಗೆ, 20,310 ಅಡಿ ಎತ್ತರದ ಪರ್ವತವೊಂದಿದೆ. ಉತ್ತರ ಅಮೆರಿಕ ಖಂಡದಲ್ಲಿ ಅದಕ್ಕಿಂತ ಎತ್ತರವಾದುದು ಬೇರೊಂದಿಲ್ಲ. ಅದರ ಸುತ್ತಣ ಹಿಮನದಿಗಳು, ಮರವೇ ಬೆಳೆಯದ ಟಂಡ್ರಾ ಬಯಲುಗಳು, ತೋಳ, ಕರಡಿ, ಕ್ಯಾರಿಬೂಗಳು ಅಲೆಯುವ ಕಣಿವೆಗಳು ಎಲ್ಲ ಕೂಡಿ 60 ಲಕ್ಷ ಎಕರೆಯಷ್ಟು ನೆಲ ಇಂದು ರಾಷ್ಟ್ರೀಯ ಉದ್ಯಾನವಾಗಿ, ರಕ್ಷಿತ ಪ್ರದೇಶವಾಗಿ ಉಳಿದಿದೆ. ಈ ಉದ್ಯಾನದ ಹೆಸರು ಡೆನಾಲಿ. ಅದರ ಎದೆಯ ಮೇಲೆ ನಿಂತಿರುವ ಪರ್ವತಕ್ಕೆ ಅಮೆರಿಕದ ಸರ್ಕಾರ ಬಳಸುವ ಹೆಸರು ಮೆಕಿನ್ಲಿ. ಪದಗಳ ಹುಟ್ಟನ್ನು ಹುಡುಕುವುದೇ ಕಸುಬಾಗಿರುವ ನನ್ನಂಥ ಮೇಷ್ಟರಿಗೆ ಈ ಜಗಳವನ್ನು ಕಂಡೂ ಕಾಣದವನಂತೆ ಹೋಗಲು ಸಾಧ್ಯವಾಗಲಿಲ್ಲ.

ಪರ್ವತದ ಬಡಗಣ ಮಗ್ಗುಲಲ್ಲಿ ತಲೆತಲಾಂತರದಿಂದ ಬಾಳಿದ ಕೊಯುಕಾನ್ ಮೊದಲಾದ ಅಥಬಾಸ್ಕನ್ ಜನರು ಅದನ್ನು 'ಎತ್ತರದ್ದು' ಎಂಬರ್ಥದ ಮಾತಿನಿಂದ ಕರೆದರು. ಡೆನಾಲಿ ಎಂಬುದು ಆ ಮಾತಿನ ಆಂಗ್ಲ ರೂಪ. ತೆಂಕಣ ಮಗ್ಗುಲಿನವರ ಹೆಸರಿಗೆ 'ದೊಡ್ಡ ಬೆಟ್ಟ' ಎಂದರ್ಥ. ಮುಂದೆ ಬಂದ ರಷ್ಯನ್ನರು ಕೂಡ ತಮ್ಮ ಭಾಷೆಯಲ್ಲಿ ದೊಡ್ಡ ಬೆಟ್ಟವೆಂದೇ ಅಂದರು. ಕಂಡವರು ಕಣ್ಣಿಗೆ ಕಂಡುದನ್ನು ಹೇಳಿದರು, ಅಷ್ಟೆ. ನೆಲಕ್ಕೆ ಮನುಷ್ಯನ ಹೆಸರನ್ನು ಅಂಟಿಸುವ ವಾಡಿಕೆ ಅಥಬಾಸ್ಕನ್ನರಲ್ಲಿ ಇರಲಿಲ್ಲವೆಂದೇ ಹೇಳಬೇಕು.

ಆ ವಾಡಿಕೆಯನ್ನು ತಂದವನು ವಿಲಿಯಂ ಡಿಕಿ. 1896ರಲ್ಲಿ ಸುಸಿಟ್ನಾ ನದಿಯ ದಂಡೆಯಲ್ಲಿ ಚಿನ್ನ ಹುಡುಕುತ್ತ ಅಲೆದವನು. ಕಾಡಿನಿಂದ ಹೊರಬಂದಾಗ ಅವನ ಕಿವಿಗೆ ಬಿದ್ದ ಮೊದಲ ಸುದ್ದಿ, ಓಹಾಯೊ ಪ್ರಾಂತದ ವಿಲಿಯಂ ಮೆಕಿನ್ಲಿ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾದನೆಂಬುದು. ಮೆಕಿನ್ಲಿ ಚಿನ್ನದ ನಾಣ್ಯದ ಪಕ್ಷಪಾತಿ. ಡಿಕಿಯೂ ಅದೇ ಪಕ್ಷ. 1897ರ ಜನವರಿಯಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅವನು ಬರೆದ ಲೇಖನದೊಡನೆ ಆ ಹೆಸರು ಭೂಪಟಕ್ಕೆ ಏರಿತು. 1901ರಲ್ಲಿ ಮೆಕಿನ್ಲಿ ಹಂತಕನ ಗುಂಡಿಗೆ ಬಲಿಯಾದ ಮೇಲೆ ಅದನ್ನು ಇಳಿಸುವುದು ಇನ್ನೂ ಕಷ್ಟವಾಯಿತು. ಆತ ಅಲಾಸ್ಕದ ನೆಲವನ್ನು ಒಮ್ಮೆಯೂ ಮೆಟ್ಟಿದವನಲ್ಲ.

ಹಾಗಾದರೆ ಶಿಖರವನ್ನು ಮೆಟ್ಟಿದವರು ಯಾರು? ಇಲ್ಲಿಯೇ ನನಗೆ ಈ ಚರಿತ್ರೆಯ ತಿರುಳಿದೆ. 1913ರ ಮಾರ್ಚಿಯಲ್ಲಿ ಹಡ್ಸನ್ ಸ್ಟಕ್ ಎಂಬ ಪಾದ್ರಿ ನಾಯಿಗಾಡಿಗಳೊಡನೆ ಹೊರಟ. ಸಂಗಡ ಹ್ಯಾರಿ ಕಾರ್‌ಸ್ಟನ್ಸ್, ರಾಬರ್ಟ್ ಟೇಟಮ್, ಇಬ್ಬರು ಸ್ಥಳೀಯ ಹುಡುಗರು, ಮತ್ತು ಇಪ್ಪತ್ತರ ಹರೆಯದ ವಾಲ್ಟರ್ ಹಾರ್ಪರ್. ಹಾರ್ಪರನ ತಂದೆ ಐರಿಷ್ ವ್ಯಾಪಾರಿ, ತಾಯಿ ಕೊಯುಕಾನ್ ಹೆಂಗಸು. ಬೆಳೆದುದು ತಾಯಿಯ ಮಡಿಲಲ್ಲಿ, ಆಡಿದುದು ತಾಯ ನುಡಿ. ಇಂಗ್ಲಿಷ್ ಬಂದುದು ಬಹಳ ತಡವಾಗಿ. ಸ್ಟಕ್ಕನಿಗೆ ಅವನೇ ದುಭಾಷಿ, ಅವನೇ ನಾಯಿಗಾಡಿಯ ಸಾರಥಿ.

ದಾರಿ ಸುಲಭದ್ದಾಗಿರಲಿಲ್ಲ. ಹಿಮನದಿಯ ಮೇಲಿನ ಬೀಡಿಗೆ ಬೆಂಕಿ ಹತ್ತಿ ಡೇರೆಗಳೂ ದಿನಸಿಯ ಒಂದು ಪಾಲೂ ಸುಟ್ಟುಹೋದವು. ಹಿಂದಿನ ವರ್ಷ, 1912ರಲ್ಲಿ, ಸಂಭವಿಸಿದ ಭೂಕಂಪದಿಂದ ಮೇಲೇರುವ ಏಣು ಒಡೆದು ಮಂಜಿನ ಬಂಡೆಗಳ ರಾಶಿಯಾಗಿತ್ತು. ಅದರಲ್ಲಿ ಕಾರ್‌ಸ್ಟನ್ಸ್ ಮತ್ತು ಹಾರ್ಪರ್ ಮೂರು ವಾರ ಮೆಟ್ಟಿಲು ಕಡಿದರು. 1910ರಲ್ಲಿ ಕೆಲವು ಗಣಿಗಾರರು ಉತ್ತರದ ಕಿರುಶಿಖರವನ್ನೇರಿ 14 ಅಡಿಯ ಸ್ಪ್ರೂಸ್ ಮರದ ಕಂಬವನ್ನು ನೆಟ್ಟುಬಂದೆವೆಂದಾಗ ಜನ ನಕ್ಕಿದ್ದರು. ಆ ಕಂಬವನ್ನು ದೂರದಿಂದ ಮೊದಲು ಗುರುತಿಸಿದ್ದೂ ಹಾರ್ಪರನ ಕಣ್ಣೇ. ಜೂನ್ 7ರಂದು ಮುಖ್ಯ ಶಿಖರಕ್ಕೆ ದಿನವಿಡೀ ಮುಂದಾಳಾಗಿ ನಡೆದವನೂ ಅವನೇ. ಮೊದಲು ಕಾಲಿಟ್ಟವನೂ ಅವನೇ. ಐವತ್ತರ ಸ್ಟಕ್ ಕೊನೆಯ ಹೆಜ್ಜೆಗಳಲ್ಲಿ ಪ್ರಜ್ಞೆತಪ್ಪಿ ಬಿದ್ದ.

ಸ್ಟಕ್ 1914ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಮೊದಲಿಗೇ, ಪರ್ವತಕ್ಕೆ ಅದರ ಮೂಲ ಹೆಸರನ್ನು ಮರಳಿ ಕೊಡಬೇಕೆಂದು ಬೇಡಿಕೊಂಡಿದ್ದಾನೆ. (ಹೀಗೆ ವಾದಿಸಿದ ಪುಣ್ಯಾತ್ಮನೇ ಅಲ್ಲಿಯ ಒಂದು ಏಣಿಗೆ ಕಾರ್‌ಸ್ಟನ್ಸನ ಹೆಸರನ್ನೂ ಒಂದು ಹಿಮನದಿಗೆ ಹಾರ್ಪರ್ ಮನೆಯ ಹೆಸರನ್ನೂ ಇಟ್ಟ! ಹೆಸರಿಡುವ ಚಪಲ ಯಾರನ್ನೂ ಬಿಟ್ಟಿಲ್ಲ.) ಹಾರ್ಪರ್ ವೈದ್ಯನಾಗಬೇಕೆಂದಿದ್ದ. 1918ರ ಅಕ್ಟೋಬರಿನಲ್ಲಿ, ಮದುವೆಯಾದ ಕೆಲವೇ ವಾರಗಳಲ್ಲಿ, ಮಡದಿಯೊಡನೆ ಫಿಲಡೆಲ್ಫಿಯಕ್ಕೆ ಹೊರಟವನು ಪ್ರಿನ್ಸೆಸ್ ಸೋಫಿಯಾ ಹಡಗಿನ ಜೊತೆ ಮುಳುಗಿದ. ವಯಸ್ಸು ಇಪ್ಪತ್ತೈದು. ಹಡಗಿನಲ್ಲಿದ್ದ ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಉದ್ಯಾನದ ಹಂಬಲ ಹೊತ್ತವನು ಇನ್ನೊಬ್ಬ, ಚಾರ್ಲ್ಸ್ ಶೆಲ್ಡನ್. ಬಿಳಿಯ ಕಾಡುಕುರಿಗಳನ್ನು ಅಭ್ಯಸಿಸಲು 1907-08ರ ಚಳಿಗಾಲವನ್ನು ಟೊಕ್ಲಾಟ್ ನದಿಯ ಬಳಿಯ ಗುಡಿಸಲಿನಲ್ಲಿ ಕಳೆದ. ಮಾಂಸದ ವ್ಯಾಪಾರಕ್ಕೆ ಕುರಿಗಳನ್ನು ಕೊಲ್ಲುತ್ತಿದ್ದ ಬೇಟೆಗಾರರಿಂದ ಅವುಗಳನ್ನು ಕಾಯಬೇಕೆಂಬುದು ಅವನ ತುಡಿತ. ಉದ್ಯಾನಕ್ಕೆ ಡೆನಾಲಿ ಎಂದು ಹೆಸರಿಡಿ ಎಂದು ಅವನೂ ಕೇಳಿದ. 1917ರ ಫೆಬ್ರವರಿ 26ರಂದು ಕಾಯಿದೆ ಬಂತು, ಆದರೆ ಮೆಕಿನ್ಲಿಯ ಹೆಸರಿನಲ್ಲಿ. ಹಣ ಮಾತ್ರ ಬರಲಿಲ್ಲ. 1921ರಲ್ಲಿ ಕಾರ್‌ಸ್ಟನ್ಸ್ ಮೊದಲ ಮೇಲ್ವಿಚಾರಕನಾಗಿ ನೇಮಕವಾಗುವವರೆಗೆ ಉದ್ಯಾನ ಕಾಗದದ ಮೇಲೆಯೇ ಇತ್ತು.

1975ರಲ್ಲಿ ಅಲಾಸ್ಕ ರಾಜ್ಯ ಪರ್ವತವನ್ನು ಡೆನಾಲಿ ಎಂದು ಕರೆದು, ಕೇಂದ್ರ ಸರ್ಕಾರವೂ ಹಾಗೆಯೇ ಕರೆಯಲೆಂದು ಕೋರಿತು. ಮೆಕಿನ್ಲಿಯ ತವರಾದ ಓಹಾಯೊದ ಪ್ರತಿನಿಧಿ ರಾಲ್ಫ್ ರೆಗ್ಯುಲಾ ಇದಕ್ಕೆ ಹೂಡಿದ ಉಪಾಯ ಸ್ವಾರಸ್ಯವಾದುದು. ಕಾಂಗ್ರೆಸ್ಸಿನ ಮುಂದೆ ಮಸೂದೆಯಿರುವ ಹೆಸರನ್ನು ಸ್ಥಳನಾಮ ಮಂಡಳಿ ಕೈಗೆತ್ತಿಕೊಳ್ಳುವುದಿಲ್ಲ. ಆತ ಅವಧಿ ಅವಧಿಗೂ ಮಸೂದೆ ಮಂಡಿಸುತ್ತ ಬಂದ. ಅದು ಪಾಸಾಗಬೇಕಾಗಿರಲಿಲ್ಲ, ಬಿದ್ದಿದ್ದರೆ ಸಾಕಿತ್ತು! 1980ರ ಡಿಸೆಂಬರಿನಲ್ಲಿ ಉದ್ಯಾನ ಹಿಗ್ಗಿ ಡೆನಾಲಿಯಾಯಿತು, ಪರ್ವತ ಮೆಕಿನ್ಲಿಯಾಗಿಯೇ ಉಳಿಯಿತು. 2015ರಲ್ಲಿ ಒಬಾಮರ ಸರ್ಕಾರ ಪರ್ವತಕ್ಕೂ ಹಳೆಯ ಹೆಸರನ್ನು ಕೊಟ್ಟಿತು. 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ಅದನ್ನು ಕಿತ್ತುಕೊಳ್ಳುವ ಆಜ್ಞೆ ಹೊರಡಿಸಿದರು. ಉದ್ಯಾನದ ಹೆಸರನ್ನು ಆ ಆಜ್ಞೆ ಮುಟ್ಟಲಿಲ್ಲ. ಅದೇ ವರ್ಷ ಅಲಾಸ್ಕದ ಶಾಸನಸಭೆ, ಡೆನಾಲಿಯನ್ನೇ ಉಳಿಸಬೇಕೆಂದು ನಿರ್ಣಯ ಮಾಡಿತು.